ಅಳಿಯಕಟ್ಟಿನ ಹೊಟ್ಟೆ

ಸುಳ್ಯದ ಆಸ್ಪತ್ರೆಯೊಂದರಲ್ಲಿ, ಗಂಟಲಿನಿಂದ ಕೊಳವೆ ಇಳಿಸಿ ಹೊಟ್ಟೆ ನೋಡುವ ಕೋಣೆಯ ನರ್ಸ್ ನಾನು. ಬರುವವರಿಗೆ ನಮ್ಮ ಮೇಲೆ ಸಂಶಯ, ನಮಗೆ ಅವರ ಮೇಲೆ ಸಂಶಯ. ಹಾಗಾಗಿ ಇಲ್ಲಿ ತಮಾಷೆಗೆ ಬರವಿಲ್ಲ. ಕಡಬದ ಕಡೆಯ ಯಜಮಾನರೊಬ್ಬರಂತೂ ಇಡೀ ತಿಂಗಳಿಗೆ ಸಾಕಾಗುವಷ್ಟು ಕೊಟ್ಟು ಹೋದರು.

ಹೋಟೆಲಿನ ಗುಮಾನಿ

ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಮೈ ಇಳಿಯುತ್ತಿದೆ ಎಂದು ಅವರ ದೂರು. ಹೆಂಡತಿ ಇದನ್ನು ನಂಬಿಯೇ ಇರಲಿಲ್ಲವಂತೆ.

"ಪೇಟೆಯಲ್ಲಿ ತಿಂದು ಬಂದು ನನ್ನ ಅಡಿಗೆ ಬಿಡುದು ಅಂತ ಗ್ರಹಿಸಿದೆ ಸಿಸ್ಟರ್. ಹೋಟೆಲಿಗೇ ಹೋಗಿ ವಿಚಾರಿಸಿದೆ. ಗೋಳಿಬಜೆ ಸಹ ಅರ್ಧ ಬಿಟ್ಟು ಹೋಗ್ತಾರೆ ಅಂದ ಹೋಟೆಲಿನವ. ಆಗ ನಿಜಕ್ಕೂ ಹೆದರಿಕೆ ಆಯ್ತು."

ಯಜಮಾನರು ತಲೆ ಎತ್ತಿದರು. "ಹೋಟೆಲಿಗೆ ಹೋಗಿದ್ಯಾ? ಒಬ್ಬಳೇ ಎಂತ ತಿಂದೆ?"

ಅಪ್ಪ ಮತ್ತು ಮಾವ

ನಮ್ಮ ಡಾಕ್ಟರು ಘಟ್ಟದ ಮೇಲಿನವರು. "ತಂದೆಯವರು ಯಾವ ಕಾಯಿಲೆಯಿಂದ ತೀರಿಕೊಂಡರು?" ಎಂದು ಕೇಳಿದರು.

"ಹೊಟ್ಟೆಯ ಕ್ಯಾನ್ಸರ್. ಆದರೆ ಅದು ನನಗೆ ಬರುದಿಲ್ಲ ಡಾಕ್ಟ್ರೆ. ನಮ್ಮದು ಅಳಿಯಕಟ್ಟು, ಮಾವನ ಆಸ್ತಿ ಸೋದರಳಿಯನಿಗೆ. ಅಪ್ಪನಿಂದ ಎಂತದೂ ಬರ್ಲಿಕ್ಕಿಲ್ಲ, ಬರುದೆಲ್ಲ ಸೋದರಮಾವನಿಂದ."

"ಸೋದರಮಾವ ಹೇಗಿದ್ದಾರೆ?"

ಯಜಮಾನರು ಹೆಂಡತಿಯ ಮುಖ ನೋಡಿದರು. "ಅವರೂ ಅದರಲ್ಲೇ ಹೋದದ್ದು."

ನನಗೆ ನಗು ಬಂತು, ಮರುಗಳಿಗೆಯೇ ನಿಂತಿತು. ಎರಡೂ ಕಡೆಯಿಂದ ಇದ್ದರೆ ಅದು ತಮಾಷೆಯಲ್ಲ.

ವಾರಸುದಾರ

ದೇವರ ದಯೆ, ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಜಠರದ ಒಳಪದರ ಬದಲಾಗಲು ಶುರುವಾಗಿತ್ತು, ಅಷ್ಟೆ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಲೂಬಹುದು, ಔಷಧಿ ತಗೊಂಡು ಆಗಾಗ ಬಂದು ತೋರಿಸಬೇಕು ಎಂದರು ಡಾಕ್ಟರು. "ವಂಶದಲ್ಲಿ ಇರುವುದರಿಂದ ಮಗನನ್ನೂ ಒಮ್ಮೆ ಕರೆತನ್ನಿ" ಎಂದೂ ಸೇರಿಸಿದರು.

ಮುಂದಿನ ವಾರ ಯಜಮಾನರು ಮೂವತ್ತರ ಪ್ರಾಯದವನೊಬ್ಬನನ್ನು ಖಾಲಿ ಹೊಟ್ಟೆಯಲ್ಲಿ ಕರೆತಂದರು. ಯಾಕೆಂದು ಅವನಿಗೆ ಹೇಳಿಯೇ ಇರಲಿಲ್ಲ. ನನಗೆ ಆಗಲೇ ಸಂಶಯ.

"ಮಗನಾ?" ಎಂದೆ.

"ಅಲ್ಲ, ಅಳಿಯ. ತಂಗಿಯ ಮಗ. ಅಪ್ಪನ ಕಾಯಿಲೆ ಮಗನಿಗೆ ಯಾಕೆ ಬರ್ತದೆ? ಕಟ್ಟಿನ ಪ್ರಕಾರ ನನ್ನದೆಲ್ಲ ಹೋಗುದು ಇವನಿಗಲ್ವಾ?"

ಮಂಚದ ಮೇಲೆ ಮಲಗಿದ್ದ ಅಳಿಯ ಧಡಕ್ಕನೆ ಎದ್ದು ಕೂತ.

"ಎಂತ ಮಾವ ಇದು? ತೋಟ ಕೇಳಿದಾಗ ಕಾಲ ಬದಲಾಯ್ತು, ಎಲ್ಲ ಮಗನಿಗೇ ಅಂದ್ರಿ. ರೋಗ ಹಂಚುವಾಗ ಮಾತ್ರ ಅಳಿಯಕಟ್ಟಾ?"