ಬಚ್ಚಲುಮನೆಗೆ ಬಂದ ಅರ್ಥಶಾಸ್ತ್ರ

"ನಾಳೆಯಿಂದ ಈ ಮನೆಯಲ್ಲಿ ಯಾರೂ ಬಚ್ಚಲುಮನೆಯ ಬಾಗಿಲು ಬಡಿಯೋ ಹಾಗಿಲ್ಲ! ಬಡಿಯೋ ಪ್ರಮೇಯವೇ ಬರೋದಿಲ್ಲ! ಇದು ನನ್ನ ಶಪಥ!"

ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಗುದ್ದಿ ಹೀಗೆ ಘೋಷಿಸಿದವರು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ ಮಗಳ ಮಡಿಲು ಸೇರಿತು. ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನ ಹುಡುಗರಿಗೆ ಬೇಡಿಕೆ, ಪೂರೈಕೆ ಎಂದು ಪಾಠ ಹೇಳಿದ ಮೇಷ್ಟ್ರಿಗೆ ಸ್ವಂತ ಮನೆಯಲ್ಲಿ ಮಾತ್ರ ಬೆಳಿಗ್ಗೆ ಎದ್ದರೆ ಒಂದು ಚೊಂಬು ನೀರಿಗೆ ಗತಿಯಿರಲಿಲ್ಲ. ಜನ ನಾಲ್ಕು, ಬಚ್ಚಲುಮನೆ ಒಂದು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಏಳಕ್ಕೆಲ್ಲ ಹೊರಡಬೇಕು. ಕಾಲೇಜಿಗೆ ಹೋಗುವ ಮಗಳು ತಲೆಗೆ ನೀರು ಹಾಕಿಕೊಳ್ಳಲು ಒಳಗೆ ಹೋದಳೆಂದರೆ ಮನೆಯವರೆಲ್ಲ ಅವಳ ಮುಖವನ್ನೇ ಮರೆಯುವಷ್ಟು ಹೊತ್ತು. ಶೌಚಾಲಯ ಬೇರೆ ಇತ್ತು, ಪುಣ್ಯ. ಇಲ್ಲದಿದ್ದರೆ ಈ ಕಥೆ ಬೇರೆಯೇ ದಿಕ್ಕು ಹಿಡಿಯುತ್ತಿತ್ತು.

"ಏನ್ರೀ, ಇನ್ನೊಂದು ಬಚ್ಚಲುಮನೆ ಕಟ್ಟಿಸ್ತೀರಾ?" ಎಂದು ಹೆಂಡತಿ ಆಸೆಯಿಂದ ಕೇಳಿದಳು.

"ಥೂ, ಅದು ದಡ್ಡರ ದಾರಿ! ಕೊರತೆ ಅನ್ನೋದು ಜಗತ್ತಿನ ಮೂಲ ಸತ್ಯ ಕಣೇ. ಇರೋದನ್ನ ಹಂಚೋದರಲ್ಲೇ ಜಾಣತನ. ನಾನು ಈ ಮನೆಗೆ ಮಾರುಕಟ್ಟೆ ತರ್ತೀನಿ!"

"ಮೊದಲು ಮಾರುಕಟ್ಟೆಯಿಂದ ಮನೆಗೆ ತರಕಾರಿ ತನ್ನಿ. ಬೆಳಿಗ್ಗೆಯಿಂದ ಹೇಳ್ತಾ ಇದೀನಿ."

ಮೇಷ್ಟ್ರು ಇಂಥ ಕ್ಷುಲ್ಲಕ ಮಾತಿಗೆ ಕಿವಿಗೊಡುವವರಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಗೆರೆ ಹಾಕಿ, ಕತ್ತರಿಸಿ, ವಿಭಾಗದ ಮೊಹರು ಒತ್ತಿ ಚೀಟಿಗಳನ್ನು ತಯಾರಿಸಿದರು. ಬೆಳಿಗ್ಗೆ ಆರರಿಂದ ಎಂಟರವರೆಗೆ ಹತ್ತು ಹತ್ತು ನಿಮಿಷದ ಹನ್ನೆರಡು ಚೀಟಿ. ದಿನಕ್ಕೆ ತಲೆಗೆ ಮೂರು. ಭಾನುವಾರ ಬಿಟ್ಟು ಇಡೀ ವಾರದ ಚೀಟಿಗಳನ್ನು ಒಟ್ಟಿಗೇ ಹಂಚಿದರು. ಚೀಟಿ ಇದ್ದವರಿಗೆ ಬಾಗಿಲು, ಇಲ್ಲದವರಿಗೆ ಗೋಡೆ. ಬೇಕಾದವರು ಕೊಳ್ಳಬಹುದು, ಬೇಡದವರು ಮಾರಬಹುದು. ಬೆಲೆ ದುಡ್ಡಿನಲ್ಲಲ್ಲ, ಕೆಲಸ, ವಸ್ತು, ಇನ್ನೊಂದು ದಿನದ ಚೀಟಿ, ಏನಾದರೂ ಸರಿ.

"ಒಪ್ಪಿ ಮಾಡಿಕೊಂಡ ವಿನಿಮಯದಲ್ಲಿ ಇಬ್ಬರಿಗೂ ಲಾಭ! ಯಾರಿಗೂ ಮೋಸ ಇಲ್ಲ!" ಎಂದು ಮೇಷ್ಟ್ರು ಕೈ ಮೇಲೆತ್ತಿದರು.

ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವರ ತಾಯಿ ಕನ್ನಡಕದ ಮೇಲಿನಿಂದ ನೋಡಿ, "ನಂಗ್ಯಾಕೋ ಇದು? ನಂದು ಐದು ಗಂಟೆಗೇ ಸ್ನಾನ ಆಗಿರತ್ತೆ" ಎಂದರು.

"ಹಾಗಂದ್ರೆ ಹೇಗಮ್ಮ? ಮಾರುಕಟ್ಟೆ ಅಂದ್ಮೇಲೆ ಎಲ್ಲರಿಗೂ ಸಮಪಾಲು. ಬೇಡದಿದ್ರೆ ಮಾರ್ಕೋ!"

"ಹೂಂ, ಸರಿ ಬಿಡು" ಎಂದು ತಾಯಿ ತಮ್ಮ ಪಾಲಿನ ಹದಿನೆಂಟು ಚೀಟಿಗಳನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು. ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ಆದರೆ ಮೇಷ್ಟ್ರಿಗೆ ಆಗ ಕೋಲೂ ಕಾಣಲಿಲ್ಲ, ಬೆನ್ನೂ ನೆನಪಾಗಲಿಲ್ಲ.

ಸೋಮವಾರ ಅದ್ಭುತ! ಒಬ್ಬರೂ ಬಾಗಿಲು ಬಡಿಯಲಿಲ್ಲ! ಮಗಳು ಮಾತ್ರ ಹತ್ತು ನಿಮಿಷ ಹೆಚ್ಚು ಒಳಗಿದ್ದಳು. ಮೇಷ್ಟ್ರು ಅಂದೇ ಸಂಜೆ ಬೀಗ ತಂದು, ತನ್ನ ತುರ್ತು ಕಂಡ ಅಂಗಡಿಯವ ದುಪ್ಪಟ್ಟು ಬೆಲೆ ಕಿತ್ತದ್ದನ್ನು ತಾಯಿಗೆ ಪಾಠದಂತೆ ವಿವರಿಸಿ, ಬಾಗಿಲಿಗೆ ಜಡಿದರು. ಯಾರ ಚೀಟಿಯ ಹೊತ್ತೋ ಅವರ ಕೈಯಲ್ಲಿ ಕೀಲಿ. ಮಂಗಳವಾರ ಇನ್ನೂ ಅದ್ಭುತ. ಸಂತೋಷ ತಡೆಯಲಾರದೆ ಮೇಷ್ಟ್ರು ಕಾಲೇಜಿನಲ್ಲಿ ಗುಮಾಸ್ತರನ್ನು ಹಿಡಿದು ನಿಲ್ಲಿಸಿ ಮುಕ್ಕಾಲು ಗಂಟೆ ವಿವರಿಸಿದರು. ಗುಮಾಸ್ತರು ಮರುದಿನದಿಂದ ಅವರನ್ನು ಕಂಡರೆ ಮೆಟ್ಟಿಲು ಬದಲಿಸತೊಡಗಿದರು.

ಬುಧವಾರ ಮಗಳಿಗೆ ತಲೆಸ್ನಾನ. ಅವಳಿಗೆ ಆರು ಚೀಟಿ ಬೇಕು, ಇದ್ದದ್ದು ಮೂರು. ಅಜ್ಜಿಯ ಡಬ್ಬ ತೆರೆಯಿತು.

"ಇವತ್ತಿನ ಮೂರು ಕೊಡ್ತೀನಿ ಪುಟ್ಟಿ. ಶುಕ್ರವಾರ ನಿಂಗೆ ಕಾಲೇಜಿಲ್ಲ ಅಲ್ವಾ? ಆ ಮೂರು ನಂಗೆ ಕೊಡು."

"ತಗೋ ಅಜ್ಜಿ, ಶುಕ್ರವಾರ ಹತ್ತು ಗಂಟೆವರೆಗೂ ಮಲಗಿರ್ತೀನಿ!"

ಶುಕ್ರವಾರ ಹೆಂಡತಿಗೂ ರಜೆ. ವಾರವಿಡೀ ಬೆಳ್ಳುಳ್ಳಿ ಬಿಡಿಸಿಕೊಡುವ ಒಪ್ಪಂದದ ಮೇಲೆ ಅವಳ ಶುಕ್ರವಾರದ ಚೀಟಿಗಳೂ ಅತ್ತೆಯ ಡಬ್ಬ ಸೇರಿದವು. ಉಳಿದವರು ಮೇಷ್ಟ್ರು. ಅವರು ಬಿದ್ದದ್ದು ಬಿಸ್ಕತ್ತಿಗೆ. ಗುರುವಾರ ಬೆಳಿಗ್ಗೆ ಟೀ ಹೊತ್ತಿಗೆ ಮನೆಯಲ್ಲಿದ್ದ ಬಿಸ್ಕತ್ತೆಲ್ಲ ಖಾಲಿ. ಇದ್ದದ್ದು ತಾಯಿಯ ಹತ್ತಿರ ಮೂರೇ ಮೂರು.

"ನೋಡಮ್ಮ, ನಾಳೆಯ ನನ್ನ ಮೂರನೇ ಚೀಟಿಯಿಂದ ನನಗೆ ಸಿಗೋ ಸುಖ ಎರಡನೆಯದಕ್ಕಿಂತ ಕಮ್ಮಿ. ಸೀಮಾಂತ ತುಷ್ಟಿಗುಣ ಅಂತಾರೆ ಇದಕ್ಕೆ. ಅದನ್ನ ಕೊಟ್ಟು ಒಂದು ಬಿಸ್ಕತ್ತು ತಗೊಂಡ್ರೆ ನಂಗೇ ಲಾಭ" ಎಂದು ಒಂದು ಚೀಟಿ ಕೊಟ್ಟರು. ಬಿಸ್ಕತ್ತು ಗರಿಗರಿಯಾಗಿತ್ತು. ಎರಡನೆಯ ಚೀಟಿಯನ್ನೂ ಕೊಟ್ಟರು. ಮೂರನೆಯದನ್ನು ಕೊಡುವಾಗ ಹೆಂಡತಿ ಎಚ್ಚರಿಸಿದಳು.

"ರೀ, ನಾಳೆ ನಿಮಗೇ ಸ್ನಾನ ಬೇಡ್ವಾ?"

"ಲೆಕ್ಕಾಚಾರ ಕಲಿಯೇ! ನಾಳೆ ನಿಂಗೆ ರಜೆ, ಮಗಳಿಗೆ ರಜೆ. ಬೇಡಿಕೆ ಪಾತಾಳಕ್ಕೆ! ಚೀಟಿ ಕಸದ ಬೆಲೆಗೆ ಬಿದ್ದಿರತ್ತೆ, ಆಯ್ಕೊಂಡ್ರಾಯ್ತು" ಎಂದು ಮೇಷ್ಟ್ರು ಟೀಯಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗಿಟ್ಟರು. ಶುಕ್ರವಾರದ ಹನ್ನೆರಡಕ್ಕೆ ಹನ್ನೆರಡು ಚೀಟಿಯೂ ಒಂದೇ ಡಬ್ಬದೊಳಗೆ ಹೋಗಿವೆ ಎಂಬುದು ಆ ಮನೆಯಲ್ಲಿ ಗೊತ್ತಿದ್ದದ್ದು ಒಬ್ಬರಿಗೇ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು.

ಅದೇ ಮಧ್ಯಾಹ್ನ ಪ್ರಾಂಶುಪಾಲರು ಮೇಷ್ಟ್ರನ್ನು ಕರೆಸಿದರು. ಹನ್ನೊಂದು ವರ್ಷಗಳಿಂದ ಮೇಷ್ಟ್ರು ಕಣ್ಣಿಟ್ಟಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ ಈ ವರ್ಷ ಖಾಲಿಯಾಗಿತ್ತು. ಪಾಠ ನೋಡಿ ತೀರ್ಮಾನಿಸಲು ಬರಬೇಕಿದ್ದ ಸಮಿತಿ ಮುಂದಿನ ವಾರಕ್ಕೆ ಬದಲು ನಾಳೆ ಬೆಳಿಗ್ಗೆಯೇ ಬರುತ್ತಿದೆ!

"ಎಂಟೂವರೆಗೆ ನಿಮ್ಮ ತರಗತಿ. ಸ್ವಲ್ಪ ನೀಟಾಗಿ ಬನ್ನಿ ಮೇಷ್ಟ್ರೇ" ಎಂದ ಪ್ರಾಂಶುಪಾಲರ ಕಣ್ಣು ಮೇಷ್ಟ್ರ ನರೆತ ತಲೆಯ ಮೇಲೆ ಒಂದು ಕ್ಷಣ ನಿಂತಿತು.

ಆ ಒಂದು ಕ್ಷಣ ಸಾಕಾಯಿತು. ಮೇಷ್ಟ್ರು ಮನೆಗೆ ಬರುವಾಗ ಕೈಯಲ್ಲಿ ತಲೆಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣವಿತ್ತು.

ಶುಕ್ರವಾರ ಆರೂಕಾಲಿಗೆ ಕೋಣೆಯ ಕನ್ನಡಿ ಮುಂದೆ ನಿಂತು ತಲೆಗೂ ಮೀಸೆಗೂ ಧಾರಾಳವಾಗಿ ಬಳಿದುಕೊಂಡರು. 'ಅರ್ಧ ಗಂಟೆಯಲ್ಲಿ ತಪ್ಪದೆ ತೊಳೆಯಿರಿ' ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿತ್ತು. ಮುಖ್ಯಸ್ಥರಾದ ಮೇಲೆ ಮಾಡಬೇಕಾದ ಭಾಷಣವನ್ನು ಗುನುಗುತ್ತಾ ಆರೂಮುಕ್ಕಾಲಿಗೆ ಬಚ್ಚಲುಮನೆಯತ್ತ ನಡೆದರು. ಬೀಗ!

ಹಜಾರದಲ್ಲಿ ತಾಯಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸೊಂಟದಲ್ಲಿ ಕೀಲಿ ಹೊಳೆಯುತ್ತಿತ್ತು.

"ಒಂದು ಚೀಟಿ. ಬೆಲೆ ಹೇಳು" ಎಂದರು ಮೇಷ್ಟ್ರು ಪಕ್ಕಾ ವ್ಯಾಪಾರಿಯ ಗತ್ತಿನಲ್ಲಿ.

ತಾಯಿ ಮಗನ ಕರ್ರಗೆ ಮಿರುಗುವ ತಲೆಯನ್ನೊಮ್ಮೆ, ಗೋಡೆಯ ಗಡಿಯಾರವನ್ನೊಮ್ಮೆ ನೋಡಿದರು. "ಒಂದು ತಿಂಗಳು ಸಂಜೆ ಹೊತ್ತು ಟೀವಿ ರಿಮೋಟು ನಂದು."

"ಹತ್ತು ನಿಮಿಷಕ್ಕೆ ಒಂದು ತಿಂಗಳಾ? ಮೂಗಿಗಿಂತ ಮೂಗುತಿ ಭಾರ ಆಯ್ತು! ನಿನ್ನೆ ಒಂದು ಚೀಟಿಗೆ ಒಂದು ಬಿಸ್ಕತ್ತಿತ್ತು!"

"ನಿನ್ನೆ ನಿನ್ನ ತಲೆಗೆ ಬಣ್ಣ ಇರ್ಲಿಲ್ಲ. ಬೇಡದಿದ್ರೆ ಬಿಡಪ್ಪ, ಬಲವಂತ ಏನಿಲ್ಲ."

ಮೇಷ್ಟ್ರು ಮೀಸೆಯೊಳಗೇ ನಕ್ಕರು. ಬದಲಿ ಸರಕು ಇರುವವರೆಗೆ ಯಾವ ಮಾರಾಟಗಾರನ ಆಟವೂ ನಡೆಯುವುದಿಲ್ಲ! ಮೊದಲ ಬದಲಿ, ಅಡುಗೆಮನೆಯ ಸಿಂಕು. ಅಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು.

"ಆ ತಲೆ ಇಲ್ಲಿಗೆ ತಂದ್ರೆ ನೋಡಿ! ಪಾತ್ರೆಗೆಲ್ಲ ಬಣ್ಣ ಹಚ್ತೀರಾ?"

"ಲೇ, ನನ್ನ ಬಡ್ತಿ ಕಣೇ!"

"ನನ್ನ ಸಾರು ಕಣ್ರೀ!"

ಎರಡನೆಯ ಬದಲಿ, ಶೌಚಾಲಯದ ನಲ್ಲಿ. ಅದು ಮೊಣಕಾಲಿಗಿಂತ ಕೆಳಗಿತ್ತು. ತಲೆ ನುಗ್ಗಲಿಲ್ಲ, ಹಣೆ ಮಾತ್ರ ಟಣ್ಣೆಂದಿತು. ಮೂರನೆಯ ಬದಲಿ, ಮೇಲಿನ ಮನೆ. ಬನಿಯನ್ನಿನಲ್ಲೇ ಮೆಟ್ಟಿಲು ಹತ್ತಿ ಗಂಟೆ ಒತ್ತಿದರು. ಬಾಗಿಲು ತೆರೆದ ಮೇಲಿನ ಮನೆಯಾಕೆ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಬನ್ನಿ ಬನ್ನಿ ಮೇಷ್ಟ್ರೇ. ನಿಮ್ಮಮ್ಮ ಈಗಷ್ಟೇ ಫೋನ್ ಮಾಡಿದ್ರು. ನೀವು ಬರ್ತೀರ, ಕೆಳಗಿನ ಬೆಲೆಗಿಂತ ಕಮ್ಮಿಗೆ ಬಿಡಬೇಡ ಅಂದ್ರು. ನಮ್ಮನೇಲಿ ತೊಳ್ಕೊಂಡ್ರೂ ನಿಮ್ಮಮ್ಮನಿಗೆ ಒಂದು ತಿಂಗಳ ರಿಮೋಟು, ಜೊತೆಗೆ ನಮ್ಮ ಮೊಮ್ಮಗಳಿಗೆ ವಾರಕ್ಕೆ ಎರಡು ದಿನ ಪಾಠ."

ಮೇಷ್ಟ್ರಿಗೆ ತಲೆ ಗಿರ್ರೆಂದಿತು. ಏಕಸ್ವಾಮ್ಯವೊಂದು ಸಾಲದೆಂದು ಮಾರಾಟಗಾರರ ಒಳಒಪ್ಪಂದ ಬೇರೆ! ಪಠ್ಯಪುಸ್ತಕದ ಐದನೆಯ ಅಧ್ಯಾಯವನ್ನು ಓದದೆಯೇ ಅರೆದು ಕುಡಿದ ತಾಯಿ! ದಡದಡನೆ ಕೆಳಗಿಳಿದು ಬಂದಾಗ ಗಂಟೆ ಏಳು. ನೆತ್ತಿ ಚುರುಗುಟ್ಟುತ್ತಿತ್ತು, ಕಿವಿಯ ಹಿಂದೆ ಬಣ್ಣ ಇಳಿಯುತ್ತಿತ್ತು.

"ಸರಿ, ರಿಮೋಟ್ ತಗೋ! ಚೀಟಿ ಕೊಡು!"

"ಅದು ಕಾಲು ಗಂಟೆ ಹಿಂದಿನ ಬೆಲೆ ಕಣೋ. ಈಗ ರಿಮೋಟು, ಜೊತೆಗೆ ಕಿಟಕಿ ಹತ್ರದ ನಿನ್ನ ಆರಾಮಕುರ್ಚಿ."

"ಕುರ್ಚೀನಾ? ಅದರಲ್ಲಿ ಕೂತ್ರೇನೇ ನಂಗೆ ಓದೋಕಾಗೋದು!"

"ನೀನೇ ಹೇಳ್ದಲ್ಲ, ತುರ್ತು ಜಾಸ್ತಿ ಆದಷ್ಟೂ ಕೊಳ್ಳೋನು ಬೆಲೆ ನೋಡಲ್ಲ ಅಂತ. ಬೀಗದ ಅಂಗಡಿಯಿಂದ ಬಂದ ದಿನ ಎಷ್ಟು ಚೆನ್ನಾಗಿ ಹೇಳಿಕೊಟ್ಟೆ!"

"ಅನ್ಯಾಯ!"

"ಭಾನುವಾರದ ಪಾತ್ರೆ ಕೂಡ" ಎಂದರು ತಾಯಿ, ಗಡಿಯಾರ ನೋಡುತ್ತಾ.

ಮೇಷ್ಟ್ರು ತಲೆಯಾಡಿಸಿ ಕೀಲಿಗೆ ಕೈ ಚಾಚಿದರು. ಇನ್ನೊಂದು ಮಾತಾಡಿದರೆ ಸೋಮವಾರದ ಪಾತ್ರೆಯೂ ಸೇರುತ್ತದೆಂಬ ಜ್ಞಾನೋದಯವಾಗಿತ್ತು. ಬಾಯಿಮಾತು ಸಾಲದು ಎಂದು ತಾಯಿ ಬರೆಸಿಕೊಂಡರು. ಮೊಹರು ಎಲ್ಲಿದೆ ಎಂದು ಹುಡುಕುವುದರಲ್ಲಿ ಐದು ನಿಮಿಷ ಹೋಯಿತು. ಕೀಲಿ ಕೈಗೆ ಬಂದಾಗ ಏಳೂ ಇಪ್ಪತ್ತು.

ಮೇಷ್ಟ್ರು ತಿಕ್ಕಿದರು, ಉಜ್ಜಿದರು, ಕೆರೆದರು. ಕೂದಲಿನ ಬಣ್ಣ ಚೆನ್ನಾಗಿಯೇ ಕೂತಿತ್ತು. ಆದರೆ ಅದು ಕೂದಲಲ್ಲಷ್ಟೇ ಕೂತಿರಲಿಲ್ಲ! ಈ ಕಿವಿಯಿಂದ ಆ ಕಿವಿಯವರೆಗೆ ಹಣೆಯ ಮೇಲೆ ಎರಡು ಬೆರಳಗಲ ಕಪ್ಪು ಪಟ್ಟಿ. ಮೀಸೆ ಮೂಗಿನಿಂದ ಹೊರಟು ಕೆನ್ನೆಯ ಅರ್ಧದವರೆಗೆ ಹಬ್ಬಿತ್ತು. ಜಪ್ಪಯ್ಯ ಎಂದರೂ ಹೋಗಲಿಲ್ಲ. ಎದ್ದು ಬಂದ ಮಗಳು ಒಮ್ಮೆ ನೋಡಿ, ಮತ್ತೆ ಹೋಗಿ ಮಲಗಿದಳು.

ಹನ್ನೊಂದು ವರ್ಷದ ಆಸೆ ಹತ್ತು ನಿಮಿಷದ ಚೀಟಿಯಲ್ಲಿ ಮುಳುಗಿತೆಂದು ಮೇಷ್ಟ್ರಿಗೆ ಅಳುವೇ ಬಂತು. ಆದರೂ ಹೋಗದಿದ್ದರೆ ಪೂರ್ತಿ ಮುಳುಗುತ್ತದೆ. ಹೋದರು. ತರಗತಿಗೆ ಕಾಲಿಟ್ಟ ಕೂಡಲೇ ಅರವತ್ತು ಬಾಯಿಗಳು ತೆರೆದವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಮಿತಿಯ ಮೂವರದ್ದೂ ಸೇರಿ ಅರವತ್ತಮೂರು.

"ಸಾರ್... ಮುಖಕ್ಕೆ ಏನಾಯ್ತು ಸಾರ್?" ಎಂದು ಮುಂದಿನ ಬೆಂಚಿನ ಹುಡುಗಿ ನಿಜವಾದ ಕಾಳಜಿಯಿಂದ ಕೇಳಿದಳು.

ಮೇಷ್ಟ್ರು ತಂದಿದ್ದ ಟಿಪ್ಪಣಿ ನೋಡಿದರು. ಮೊದಲ ಸಾಲು 'ಕೊರತೆ ಎಂದರೇನು?' ಅದನ್ನು ಮಡಿಚಿ ಜೇಬಿಗಿಟ್ಟರು. ಮಾನ ಹೇಗೂ ಹೋಗಿದೆ, ಪಾಠವಾದರೂ ಉಳಿಯಲಿ!

"ಇದು ಮುಖ ಅಲ್ಲಮ್ಮ, ಇದು ರೇಖಾಚಿತ್ರ!" ಎಂದು ಹಣೆಯ ಪಟ್ಟಿ ತೋರಿಸಿ ಶುರು ಮಾಡಿದರು ನೋಡಿ! ಬಚ್ಚಲುಮನೆಯಿಂದ ಕೊರತೆ, ಬಿಸ್ಕತ್ತಿನಿಂದ ಸೀಮಾಂತ ತುಷ್ಟಿಗುಣ, ಡಬ್ಬದಿಂದ ಏಕಸ್ವಾಮ್ಯ, ಮೇಲಿನ ಮನೆಯಿಂದ ಒಳಒಪ್ಪಂದ. ತಲೆಯ ಮೇಲೆ ಬಣ್ಣ ಒಣಗುತ್ತಿರುವವನ ಬೇಡಿಕೆ ಬೆಲೆ ಎಷ್ಟೇರಿದರೂ ಒಂದಿಂಚೂ ಕುಗ್ಗುವುದಿಲ್ಲ ಎನ್ನುವಾಗ ಹುಡುಗರು ಬೆಂಚು ಬಡಿದು ನಕ್ಕರು. ಇಪ್ಪತ್ತೆರಡು ವರ್ಷದಲ್ಲಿ ಅವರ ತರಗತಿಯಲ್ಲಿ ಒಬ್ಬನೂ ನಿದ್ದೆ ಮಾಡದ ಮೊದಲ ದಿನ ಅದು! ಸಮಿತಿಯ ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅಲ್ಲೇ ಪ್ರಾಂಶುಪಾಲರಿಗೆ ಹೇಳಿಬಿಟ್ಟರು: "ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿ."

ಮೇಷ್ಟ್ರು ಮನೆಗೆ ನಡೆದು ಬರಲಿಲ್ಲ, ಹಾರಿ ಬಂದರು. ಬಾಗಿಲಲ್ಲೇ ಕೂಗು: "ಗೆದ್ದೆ! ಮುಖ್ಯಸ್ಥನಾದೆ! ನೋಡಿದ್ರಾ, ಮಾರುಕಟ್ಟೆ ಯಾರ ಕೈಯನ್ನೂ ಬಿಡಲ್ಲ!"

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು, ಮಗಳು ಕುಣಿದಳು. ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ ರಿಮೋಟು ಹಿಡಿದು ಕೂತಿದ್ದ ತಾಯಿ ಟೀವಿಯ ದನಿ ತಗ್ಗಿಸಿ, ಮಗನನ್ನು ಹತ್ತಿರ ಕರೆದು, ಸೆರಗಿನ ತುದಿಗೆ ಕೊಬ್ಬರಿ ಎಣ್ಣೆ ಅದ್ದಿ ಹಣೆ ಒರೆಸತೊಡಗಿದರು. ಏನಾಶ್ಚರ್ಯ, ಕಪ್ಪು ಬಿಡತೊಡಗಿತು.

"ಎಣ್ಣೆಗೆ ಹೋಗತ್ತೆ ಅಂತ ಗೊತ್ತಿತ್ತಾ ನಿಂಗೆ?" ಎಂದು ಮೇಷ್ಟ್ರು ಹೌಹಾರಿದರು. "ಮತ್ತೆ ಬೆಳಿಗ್ಗೆ ಹೇಳಬಾರದಿತ್ತಾ? ಹೆತ್ತ ಮಗ, ತಲೆ ಉರೀತಾ ನಿಂತಿದೀನಿ, ಒಂದು ಚೀಟಿಗೆ ರಿಮೋಟು, ಕುರ್ಚಿ, ಪಾತ್ರೆ! ಅಷ್ಟೂ ಕಿತ್ಕೊಂಡ್ಯಲ್ಲ, ನೀನೆಂಥ ತಾಯಿ?"

ತಾಯಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ನೀನು ಬಂದು ಬೆಲೆ ಕೇಳ್ದೆ, ನಾನು ಬೆಲೆ ಹೇಳ್ದೆ. 'ಅಮ್ಮಾ, ತಲೆ ಉರೀತಿದೆ' ಅಂದಿದ್ರೆ ನಾನೇ ನೀರು ಹೊಯ್ತಿದ್ದೆನಲ್ಲೋ, ದಡ್ಡ!"