ಮಗುವಿಗೆ ಚೆಕ್ಕುಬಂದಿ ಬರೆಸಿದ್ದು

ಕುತೂಹಲ ಒಂದು ಕಾಯಿಲೆಯಾದರೆ ನನಗೆ ಅದು ಸರ್ಕಾರಿ ನೌಕರಿಯ ಜೊತೆಗೇ ಅಂಟಿಕೊಂಡು ಬಂದದ್ದು. ಆಗ ನಾನು ಶಿಡ್ಲಘಟ್ಟದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರ ಟ್ರಂಕ್ ಕಾಲ್‌ಗಳನ್ನು ಜೋಡಿಸಿಕೊಡುವುದು ನನ್ನ ಕೆಲಸ. ಜೋಡಿಸಿದ ಮೇಲೆ ಕೇಳಬಾರದು ಎಂಬುದು ನಿಯಮ. ಲೈನು ಸರಿಯಾಗಿದೆಯೇ ಎಂದು ಆಗಾಗ ನೋಡಬೇಕು ಎಂಬುದೂ ನಿಯಮವೇ. ಈ ಎರಡು ನಿಯಮಗಳ ನಡುವಿನ ಜಾಗದಲ್ಲಿ ಒಬ್ಬ ಹೆಂಗಸು ಎಷ್ಟು ತಿಳಿದುಕೊಳ್ಳಬಹುದೋ ಅಷ್ಟನ್ನೂ ನಾನು ತಿಳಿದುಕೊಂಡಿದ್ದೆ. ರಾಮನಗರದಲ್ಲಿ ರೇಷ್ಮೆ ಗೂಡಿನ ರೇಟು ಎಷ್ಟಾಯಿತು, ಗೌರಿಬಿದನೂರಿನಲ್ಲಿ ಯಾರಿಗೆ ಹೆರಿಗೆಯಾಯಿತು, ಚಿಂತಾಮಣಿಯ ಗಂಡಿನ ಕಡೆಯವರು ಫೋನಿನಲ್ಲಿ ಎಷ್ಟು ನಯವಾಗಿ ಮುನಿಸಿಕೊಳ್ಳುತ್ತಾರೆ, ಎಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಒಂದೇ ಒಂದು. ಒಂದು ಮಗು ಇಂಥವರದು ಎಂದು ಕಾಗದದಲ್ಲಿ ತೋರಿಸುವುದು ಹೇಗೆ ಎಂಬುದು.

ಗೊತ್ತಿರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ನಮ್ಮ ಕಡೆ ಬೇರೆಯವರ ಮಗುವನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕಾದರೆ ಕಾಂಪೌಂಡಿನ ಮೇಲಿಂದ ಒಂದು ಕೂಗು ಹಾಕಿದರೆ ಮುಗಿಯಿತು. "ನಿಮ್ ಹುಡುಗೀನ ಚಿಂತಾಮಣಿಗೆ ಮದುವೆಗೆ ಕರ್ಕೊಂಡು ಹೋಗ್ತಿದೀನಿ ಕಣಮ್ಮ" ಎಂದರೆ ಒಳಗಿನಿಂದ "ಹೂಂ" ಎಂದು ಬರುತ್ತಿತ್ತು. ಆ "ಹೂಂ" ಎಂದವರು ಮಗುವಿನ ತಾಯಿಯೋ, ನೆಂಟರೋ, ಪಾತ್ರೆ ತೊಳೆಯಲು ಬಂದವಳೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಕೇಳುತ್ತಿದ್ದದ್ದು ಮಗುವಿನ ವಯಸ್ಸನ್ನು ಮಾತ್ರ. ಅದಕ್ಕೆ ನಾವು ಕೊಡುತ್ತಿದ್ದ ಉತ್ತರವನ್ನು ಅವನೂ ನಂಬುತ್ತಿರಲಿಲ್ಲ, ಮಗುವೂ ನಂಬುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಹಡಗಿನಿಂದ. ನಮ್ಮ ಇಲಾಖೆಯವರಿಗೆ ಸಂಸಾರ ಸಮೇತ ಊರೂರು ಸುತ್ತಿ ಬರಲು ಎಲ್‌ಟಿಸಿ ಎಂಬ ಸೌಲಭ್ಯವಿತ್ತು. ಎಲ್ಲರೂ ಕನ್ಯಾಕುಮಾರಿಗೆ ಹೋಗಿ ಶಂಖದ ಮಣಿಸರ ತರುತ್ತಿದ್ದರು. ನನ್ನ ಕುತೂಹಲ ಕೇಳಬೇಕಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು ಹೋಗುತ್ತದಂತೆ, ರಾತ್ರಿ ಹಡಗಿನಲ್ಲೇ ಮಲಗಿ ಹಗಲು ದ್ವೀಪ ನೋಡುವುದಂತೆ ಎಂದು ಎಲ್ಲೋ ಕೇಳಿ (ಎಲ್ಲಿ ಎಂದು ಹೇಳುವುದು ನಿಯಮಕ್ಕೆ ವಿರುದ್ಧ), ಅದಕ್ಕೇ ಹೋಗೋಣ ಎಂದು ಹಟ ಹಿಡಿದೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನಮ್ಮ ಯಜಮಾನರಿಗೆ ಈಜು ಬರುವುದಿಲ್ಲ. ನೀರಿನ ಮೇಲೆ ತಮಗೆ ನಂಬಿಕೆಯಿಲ್ಲ ಎಂದು ಅವರು ಹೇಳಿದರು, ಒಪ್ಪಿಕೊಂಡರು. ಒಪ್ಪದೆ ಕೂತವಳು ಮಗಳು ವಿದ್ಯಾ. ಪಕ್ಕದ ಮನೆಯ ಶಾಹೀನ್ ಬಂದರೆ ಮಾತ್ರ ತಾನು ಬರುವುದು ಎಂದಳು. ಆ ವಿಷಯ ಅಷ್ಟರಲ್ಲೇ ಶಾಹೀನಳಿಗೂ ಹೋಗಿ, ಆ ಹುಡುಗಿ ಹಡಗಿನ ಚಿತ್ರ ಬರೆದು ಅದರ ಮೇಲೆ ನಾಲ್ಕು ಜನರನ್ನು ನಿಲ್ಲಿಸಿಯೂ ಆಗಿತ್ತು. ಅದರಲ್ಲಿ ನಾನು ಚಿಮಣಿಗಿಂತ ದಪ್ಪಗಿದ್ದೆ.

ಶಾಹೀನಳ ತಂದೆ ಬಾಬಾಜಾನ್ ರೇಷ್ಮೆ ನೂಲು ತೆಗೆಸುವವರು. ನಮ್ಮಿಬ್ಬರ ಮನೆಗೂ ಮಧ್ಯೆ ಒಂದು ಗೋಡೆ, ಅದರಾಚೆಗೆ ಅವರ ರೀಲಿಂಗ್ ಶೆಡ್ಡು. ಗೂಡು ಬೇಯುವ ವಾಸನೆಗೆ ನಮ್ಮ ಮನೆಗೆ ಬಂದ ನೆಂಟರು ಎರಡನೆಯ ದಿನವೇ ಹೊರಡುತ್ತಿದ್ದುದರಿಂದ ಆ ಶೆಡ್ಡಿನ ಮೇಲೆ ನನಗೆ ಒಳಗೊಳಗೇ ಕೃತಜ್ಞತೆಯಿತ್ತು. ಬಾಬಾಜಾನ್ ಮಗಳನ್ನು ಕಳಿಸಲು ಒಂದೇ ಮಾತಿಗೆ ಒಪ್ಪಿದರು. ಅವರ ಹೆಂಡತಿ ಒಂದು ಹನಿ ಕಣ್ಣೀರು ಹಾಕಿ ಒಪ್ಪಿದರು. ಆದರೆ ಹಡಗಿನ ಕಚೇರಿಯಿಂದ ಬಂದ ಉತ್ತರ ಬೇರೆಯೇ ಇತ್ತು. ತಂದೆತಾಯಿಯರ ಜೊತೆಗಲ್ಲದೆ ಪ್ರಯಾಣ ಮಾಡುವ ಮಗುವಿಗೆ ಹಿರಿಯರು ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆದುಕೊಡಬೇಕು, ಅದನ್ನೂ ಮಗುವಿನ ಫೋಟೋವನ್ನೂ ಗೆಜೆಟೆಡ್ ಅಧಿಕಾರಿ ದೃಢೀಕರಿಸಬೇಕು, ಇಲ್ಲದಿದ್ದರೆ ಹಡಗು ಹತ್ತಿಸುವುದಿಲ್ಲ. ಹತ್ತಿಸುವುದಿಲ್ಲ ಎಂಬುದರ ಕೆಳಗೆ ಗೆರೆ ಎಳೆದಿತ್ತು.

ಛಾಪಾ ಕಾಗದ ಎಂದರೆ ನಮ್ಮೂರಿನಲ್ಲಿ ಒಬ್ಬರೇ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಬಾಂಡ್ ರೈಟರ್ ನಾರಾಯಣಪ್ಪನವರು. ತಾಲ್ಲೂಕಿನ ಅರ್ಧ ಜಮೀನು ಅವರ ಕೈಬರಹದಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ ಹೋಗಿತ್ತು. ನಾನೂ ಬಾಬಾಜಾನರೂ ಹೋಗಿ ಹೀಗೀಗೆ, ಒಂದು ಮಗುವಿನ ವಿಷಯ ಎಂದೆವು. ಅವರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಕೊಡುವವರು ಯಾರು, ತಗೊಳ್ಳುವವರು ಯಾರು, ಅಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ತಮಗೆ ಬಾಯಿಪಾಠ ಎಂದು ಸಂಜೆ ಬರಲು ಹೇಳಿದರು.

ಸಂಜೆ ಆ ಕಾಗದ ಓದಿ ನಾನು ನಿಂತಲ್ಲೇ ನಿಂತೆ. ಬಾಬಾಜಾನ್ ಆದ ನಾನು ನಿಮಗೆ ಬರೆಸಿಕೊಟ್ಟ ಒಪ್ಪಿಗೆ ಪತ್ರದ ಕ್ರಮವೇನೆಂದರೆ ಎಂದು ಶುರುವಾಗಿ, ನನ್ನ ಸ್ವಯಾರ್ಜಿತವಾದ ಹೆಣ್ಣು ಮಗು ಒಂದನ್ನು ಈ ದಿನವೇ ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ ಎಂದು ಮುಂದುವರಿದಿತ್ತು. ಸದರಿ ಮಗುವಿನ ಮೇಲೆ ಯಾವ ಋಣಭಾರವೂ, ಕೋರ್ಟಿನ ಜಪ್ತಿಯೂ ಇರುವುದಿಲ್ಲ. ಬಾಬಾಜಾನರ ವಾರಸುದಾರರಿಂದ ತಂಟೆ ತಕರಾರು ಬಂದಲ್ಲಿ ಅವರೇ ಮುಂದೆ ನಿಂತು ಪರಿಹರಿಸಿಕೊಡುತ್ತಾರೆ. ನಾನು ಸದರಿ ಮಗುವನ್ನು ಪುತ್ರಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ, ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಕೊನೆಯಲ್ಲಿ ಮಗುವಿನ ಚೆಕ್ಕುಬಂದಿ. ಪೂರ್ವಕ್ಕೆ ಮುನಿಸಿಪಾಲಿಟಿ ರಸ್ತೆ, ಪಶ್ಚಿಮಕ್ಕೆ ನಮ್ಮ ಮನೆ, ಉತ್ತರಕ್ಕೆ ಮಸೀದಿ ಓಣಿ, ದಕ್ಷಿಣಕ್ಕೆ ರೀಲಿಂಗ್ ಶೆಡ್ಡು, ಇದರ ಮಧ್ಯೆ ಇರುವ ಮಗು.

ಚೆಕ್ಕುಬಂದಿ ಯಾಕೆ ಎಂದು ಕೇಳಿದೆ. ನಾರಾಯಣಪ್ಪನವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅದಿಲ್ದಿದ್ರೆ ಯಾವ ಮಗು ಅಂತ ಗೊತ್ತಾಗೋದೆಂಗಮ್ಮ? ನಾಳೆ ಇನ್ನೊಬ್ರು ಬಂದು ಇದು ನಮ್ದು ಅಂದ್ರೆ?" ಎಂದರು. ನಾನು ಕಾಗದ ಮಡಿಸಿಕೊಂಡು ಬಂದೆ. ನಮ್ಮ ಯಜಮಾನರು ಮಾತ್ರ ಮನೆಯಲ್ಲಿ ಅದನ್ನು ಓದಿ, ಮಗು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂದು ಬಹಳ ಹೊತ್ತು ಯೋಚಿಸಿದರು.

ಇದು ಬರೀ ಹಡಗಿನವರಿಗೆ ತೋರಿಸಲು, ಹೇಗಿದ್ದರೇನು ಎಂದುಕೊಂಡು ಸಹಿ ಹಾಕಿಸಲು ಪಕ್ಕದ ಮನೆಗೆ ಹೋದೆ. ಅಲ್ಲಿ ಜಗಲಿಯ ಮೇಲೆ ಶಾಹೀನಳ ಅಜ್ಜಿ ಕೂತಿದ್ದರು. ಎಲ್ಲರೂ ಅವರನ್ನು ದಾದಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ಓದಿಸದೆ ಯಾವ ಕಾಗದವನ್ನೂ ಮನೆಯಿಂದ ಆಚೆ ಬಿಡುತ್ತಿರಲಿಲ್ಲ. ನಾನೇ ಗಟ್ಟಿಯಾಗಿ ಓದಬೇಕಾಯಿತು. ಬೇಗ ಬೇಗ ಓದಿದರೆ ದಾಟಿಬಿಡಬಹುದು ಎಂದುಕೊಂಡಿದ್ದೆ. ಆಚಂದ್ರಾರ್ಕ ಎಂದರೇನು ಎಂದು ದಾದಿ ತಡೆದರು. ಸೂರ್ಯಚಂದ್ರರು ಇರುವವರೆಗೂ ಎಂದೆ. ಶಾಹೀನಳ ತಾಯಿ ಸೆರಗು ಬಾಯಿಗೆ ಹಿಡಿದರು. ದಾದಿ ಮಾತ್ರ ಶಾಂತವಾಗಿ ಕೇಳಿದರು:

"ಮಗು ವಾಪಸ್ ಬರೋದು ಎಲ್ಲಿ ಬರ್ದವ್ರೆ, ಬೇಟಿ?"

ನಾನು ಕಾಗದವನ್ನು ಮೇಲಿನಿಂದ ಕೆಳಗೆ ಹುಡುಕಿದೆ. ಎಲ್ಲಿಯೂ ಬರೆದಿರಲಿಲ್ಲ. ಇದು ನಮ್ಮೊಳಗಿನ ಮಾತಲ್ಲ ದಾದಿ, ಹಡಗಿನವರಿಗಾಗಿ ಅಷ್ಟೇ ಎಂದು ಸಮಜಾಯಿಷಿ ಹೇಳಿದೆ. ಸುಳ್ಳು ಎಂದು ಗೊತ್ತಿದ್ದೂ ಸಹಿ ಹಾಕುವ ಕಾಗದ ಯಾರಿಗಾಗಿ ಆದರೇನು ಎಂದು ಅವರು ಕೇಳಿದರು. ಮೊಮ್ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ವಾಪಸ್ ಬರುವುದು ಕಾಗದದಲ್ಲಿ ಬಂದರೆ ಹುಡುಗಿ ಹಡಗಿಗೆ, ಇಲ್ಲದಿದ್ದರೆ ಇಲ್ಲ ಎಂಬುದು ತೀರ್ಮಾನವಾಯಿತು. ಶಾಹೀನ್ ಅಳಲಿಲ್ಲ. ಗೋಡೆಯಾಚೆ ನಿಂತಿದ್ದ ವಿದ್ಯಾ ಇಬ್ಬರ ಪಾಲಿನದನ್ನೂ ಅತ್ತಳು. ಅಳದೆ ಕೂತ ಶಾಹೀನಳ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಅಷ್ಟೇ ಕುತೂಹಲವೂ ಆಯಿತು. ಇಷ್ಟು ವರ್ಷ ಕಾಂಪೌಂಡಿನ ಮೇಲಿನ ಒಂದು ಕೂಗಿಗೆ ಮಗುವನ್ನು ಕಳಿಸಿದ ಮನೆ, ಕಾಗದ ಬಂದ ಕೂಡಲೇ ಯಾಕೆ ಹೆದರಿತು? ಕಾಗದವಿಲ್ಲದಿದ್ದಾಗ ನಂಬಿಕೆಯಿತ್ತೋ, ಅಥವಾ ಚಿಂತಾಮಣಿ ಬರೀ ಹತ್ತಿರವಿತ್ತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮಾರನೆಯ ದಿನ ಮತ್ತೆ ಹೊಂಗೆ ಮರದ ಕೆಳಗೆ ಹೋದೆ. ವಾಪಸ್ ಕೊಡಬೇಕು ಎನ್ನುವುದು ಬರಬೇಕು ಎಂದೆ. ಮೊದಲೇ ಹೇಳಬಾರದಾ, ನಾನು ಕ್ರಯಕ್ಕೆ ಬರೆದುಬಿಟ್ಟೆನಲ್ಲ ಎಂದು ನಾರಾಯಣಪ್ಪನವರು ನನ್ನ ಮೇಲೇ ಬೇಸರ ಮಾಡಿಕೊಂಡರು. ವಾಪಸ್ ಕೊಡುವುದಾದರೆ ಅದು ಬಾಡಿಗೆ ಕರಾರು. ಹೊಸ ಕಾಗದದಲ್ಲಿ ಅವಧಿ ಮುಗಿದ ಕೂಡಲೇ ಮಗುವನ್ನು ಹೇಗಿತ್ತೋ ಹಾಗೆ, ಯಾವ ಮಾರ್ಪಾಡೂ ಮಾಡದೆ ಬಿಟ್ಟುಕೊಡತಕ್ಕದ್ದು ಎಂದಿತ್ತು. ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಮೊಳೆ ಹೊಡೆಯತಕ್ಕದ್ದಲ್ಲ, ಬಿಡುವಾಗ ಸುಣ್ಣ ಬಳಿಸಿ ಕೊಡತಕ್ಕದ್ದು ಎಂದೂ ಇತ್ತು. ಸುಣ್ಣವನ್ನು ಹೊಡೆದುಹಾಕಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಮೊಳೆ ಉಳಿದುಕೊಂಡಿತು.

ದಾದಿ ಇದನ್ನು ಕಣ್ಣು ಮುಚ್ಚಿ ಕೇಳಿದರು. ಒಳಬಾಡಿಗೆಯ ಹತ್ತಿರ ತಲೆಯಾಡಿಸಿ, ಮಗುವನ್ನು ಇನ್ನೊಬ್ಬರ ಕೈಗೆ ಕೊಡಬಾರದು ಎಂದು ಬರೆದಿರುವುದು ಒಳ್ಳೆಯದಾಯಿತು ಎಂದರು. ಮೊಳೆಯೂ ಅವರಿಗೆ ಸರಿಯಾಗಿಯೇ ಕಂಡಿತು. ಮಗ ಸೊಸೆಯ ಸಹಿಯ ಕೆಳಗೆ, ಯಾರೂ ಕೇಳದಿದ್ದರೂ, ತಮ್ಮ ಹೆಬ್ಬೆಟ್ಟನ್ನೂ ಒತ್ತಿದರು. ದೃಢೀಕರಣಕ್ಕೆ ಆ ವಾರ ಊರಿನಲ್ಲಿ ಸಿಕ್ಕ ಗೆಜೆಟೆಡ್ ಅಧಿಕಾರಿ ಪಶುವೈದ್ಯರೊಬ್ಬರೇ. ಅವರು ಹಸಿರು ಇಂಕಿನಲ್ಲಿ ಸಹಿ ಮಾಡಿ, ಅಭ್ಯಾಸಬಲದಿಂದ ಶಾಹೀನಳ ಕಿವಿಯ ಹಿಂದೆ ಒಮ್ಮೆ ಸವರಿ, ಪಶು ಆಸ್ಪತ್ರೆಯ ಮೊಹರು ಒತ್ತಿ ಕಳಿಸಿದರು.

ಕೊಚ್ಚಿಯಲ್ಲಿ ಹಡಗಿನ ಬಾಗಿಲಲ್ಲಿ ಕೂತಿದ್ದ ಅಧಿಕಾರಿ ಮಲಯಾಳಿ. ಕನ್ನಡದ ಆ ಕಾಗದವನ್ನು ಅತ್ತ ಇತ್ತ ತಿರುಗಿಸಿದರು. ಛಾಪಾ, ಹೆಬ್ಬೆಟ್ಟು, ಹಸಿರು ಇಂಕು, ಮೊಹರು ಎಲ್ಲ ನೋಡಿ ತೃಪ್ತರಾಗಿ ಶಾಹೀನಳನ್ನು ಒಳಗೆ ಬಿಟ್ಟರು. ಆಮೇಲೆ ವಿದ್ಯಾಳ ಕಡೆ ಬೆರಳು ತೋರಿಸಿ, ಈ ಮಗುವಿನ ಕಾಗದವೆಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮದೇ ಮಗಳು ಎಂದೆ. ಇರಬಹುದು, ಕಾಗದವೆಲ್ಲಿ ಎಂದರು. ನಾನು ಯಜಮಾನರನ್ನು ನೋಡಿದೆ, ಅವರು ನೀರನ್ನು ನೋಡಿದರು. ಪಕ್ಕದ ಮನೆಯ ಮಗುವಿಗೆ ಚೆಕ್ಕುಬಂದಿಯವರೆಗೆ ಬರೆಸಿದವಳು ಹೆತ್ತ ಮಗಳಿಗೆ ಒಂದು ಚೀಟಿಯನ್ನೂ ತಂದಿರಲಿಲ್ಲ. ಅಷ್ಟರಲ್ಲಿ ವಿದ್ಯಾ ಚಪ್ಪಲಿ ಬಿಚ್ಚಿ ಒಂದನ್ನು ಕಾಲಿನಿಂದ ತಳ್ಳಿ ನೀರಿಗೆ ಬೀಳಿಸಿದಳು. ನಾನು ಎಲ್ಲವನ್ನೂ ಮರೆತು ಅವಳ ರಟ್ಟೆ ಹಿಡಿದು, ಸೆರಗಿನ ತುದಿಯಿಂದ ಮೂಗು ಒರೆಸುತ್ತಾ, ಅವಳು ಹುಟ್ಟಿದ ಗಳಿಗೆಯಿಂದ ಹಿಡಿದು ಬೈದೆ. ಅಧಿಕಾರಿ ಒಂದಕ್ಷರ ಅರ್ಥವಾಗದಿದ್ದರೂ ಗಮನವಿಟ್ಟು ಕೇಳಿದರು. ಸಾಕು ಸಾಕು, ಗೊತ್ತಾಯಿತು ಎಂದು ಕೈಯೆತ್ತಿ ನಮ್ಮನ್ನು ಒಳಗೆ ಬಿಟ್ಟರು.

ಹಡಗು ಚೆನ್ನಾಗಿತ್ತು ಎಂದು ನಂತರ ತಿಳಿಯಿತು. ನಾನು ನೋಡಲಿಲ್ಲ. ಹೇಗಿತ್ತೋ ಹಾಗೆ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಶಾಹೀನ್ ಬಿಸಿಲಿಗೆ ಕಪ್ಪಾಗಬಾರದು, ಅವಳಿಗೆ ನೆಗಡಿಯಾಗಬಾರದು, ಗೀರು ಬೀಳಬಾರದು. ಅವಳ ತಲೆಗೆ ಛತ್ರಿ ಹಿಡಿದು, "ಶಾಹೀನಮ್ಮ, ಇನ್ನೊಂದು ತುತ್ತು ತಿಂತೀಯಾಮ್ಮ" ಎಂದು ಬೀಗಿತ್ತಿಗೆ ಉಪಚಾರ ಮಾಡಿದ ಹಾಗೆ ಮಾಡುತ್ತಿದ್ದೆ. ಬೈಗುಳವೆಲ್ಲ ವಿದ್ಯಾಳ ಪಾಲಿಗೆ. ಆದರೂ ಹಡಗಿಗಾಗಿ ಅಷ್ಟು ಆಸೆಪಟ್ಟ ಶಾಹೀನ್ ಮರುದಿನದ ಹೊತ್ತಿಗೆ ಮಂಕಾದಳು. ಊಟ ಮುಟ್ಟಲಿಲ್ಲ. ವಾಂತಿಯೋ, ಜ್ವರವೋ ಎಂದು ಹಣೆ ಮುಟ್ಟಿ ನೋಡಿದೆ. ಏನೂ ಇರಲಿಲ್ಲ. ದಾದಿಗೆ ಏನು ಉತ್ತರ ಹೇಳಲಿ ಎಂದು ನನಗೇ ಅಳು ಬಂತು. ಏನಾಯಿತಮ್ಮ ಎಂದು ಮತ್ತೆ ಮತ್ತೆ ಕೇಳಿದ ಮೇಲೆ ತಲೆ ತಗ್ಗಿಸಿ ಹೇಳಿದಳು:

"ಆಂಟಿ, ನನ್ನೂ ಬೈರಿ. ವಿದ್ಯಾಗೆ ಮಾತ್ರ ಬೈತೀರ. ನಂಗೆ ಮನೆ ಜ್ಞಾಪಕ ಬರುತ್ತೆ."

ಬೈಯಲು ಬಾಯಿ ತೆರೆದರೆ "ಊಟ ಮಾಡಮ್ಮ, ಜಾಣೆ" ಎಂದು ಬಂತು. ಇದು ಬೈಗುಳವಲ್ಲ ಎಂದಳು. ಎರಡನೆಯ ಸಲವೂ ಆಗಲಿಲ್ಲ. ಆಗ ಆ ಹುಡುಗಿ ಎದ್ದು ಹೋಗಿ, ನನ್ನನ್ನೇ ನೋಡುತ್ತಾ, ಡೆಕ್ಕಿನ ಕಂಬಿಯ ಮೇಲೆ ಒಂದು ಕಾಲಿಟ್ಟಳು. ಛತ್ರಿ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಅವಳನ್ನು ಕೆಳಗೆಳೆದು, ಬೆನ್ನಿಗೊಂದು ಬಿಟ್ಟು, ಕನ್ನಡದಲ್ಲಿ ಶುರುಮಾಡಿ ನಮ್ಮಮ್ಮನ ತೆಲುಗಿನಲ್ಲಿ ಮುಗಿಸುವ ಹೊತ್ತಿಗೆ ಡೆಕ್ಕಿನ ಮೇಲಿದ್ದವರೆಲ್ಲ ಸಮುದ್ರ ಬಿಟ್ಟು ನನ್ನನ್ನು ನೋಡುತ್ತಿದ್ದರು. ಶಾಹೀನ್ ಕಣ್ಣೊರೆಸಿಕೊಂಡು ಬಂದು ಕೂತು, ಮೀನಿನ ಸಾರಿನಲ್ಲಿ ಎರಡು ತಟ್ಟೆ ಅನ್ನ ಉಂಡಳು.

ನಾನು ಏದುಸಿರು ಬಿಡುತ್ತಾ ತಿರುಗಿ ನೋಡಿದರೆ ವಿದ್ಯಾ ಮುಖ ಊದಿಸಿಕೊಂಡು ನಿಂತಿದ್ದಳು. ತನಗೆ ಯಾವತ್ತೂ ನಾನು ಅಷ್ಟು ಹೊತ್ತು ಬೈದಿಲ್ಲವಂತೆ, ತೆಲುಗಿನಲ್ಲಂತೂ ಒಂದು ಸಲವೂ ಇಲ್ಲವಂತೆ. ಅವಳನ್ನೂ ಹತ್ತಿರ ಕೂರಿಸಿಕೊಂಡು ಅಷ್ಟೇ ಹೊತ್ತು ಬೈದು ಸಮಾಧಾನ ಮಾಡಿದೆ.