ದೊಡ್ಡಮ್ಮನ ಪೀಶಕತ್ತಿ ಮತ್ತು ಗುಲಾಬಿಯ ಗಂಟು

ನಮ್ಮ ದೊಡ್ಡಮ್ಮ ಕಳ್ಳಿ. ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿರುವ ಮಾತಲ್ಲ ಇದು. ಅವರೇ ಊರಿಡೀ ಹೇಳಿಕೊಂಡು ತಿರುಗುವುದು. ಕೇಳಿ ತಂದ ಗಿಡದ ಗೆಲ್ಲು ಬದುಕುವುದಿಲ್ಲ, ಕದ್ದು ತಂದದ್ದು ಒಂದೇ ವಾರದಲ್ಲಿ ಚಿಗುರುತ್ತದೆ ಎಂಬುದು ಅವರ ಸಿದ್ಧಾಂತ. ಮೂಡುಬಿದಿರೆಯ ನಮ್ಮ ಅಂಗಳದಲ್ಲಿರುವ ಅರುವತ್ತು ಚಿಲ್ಲರೆ ಗಿಡಗಳಲ್ಲಿ ದುಡ್ಡು ಕೊಟ್ಟು ತಂದದ್ದು ಒಂದೂ ಇಲ್ಲ. ಒಮ್ಮೆ ನಾನು ನರ್ಸರಿಯಿಂದ ದಾಸವಾಳ ತಂದಿದ್ದೆ. ಅದು ಸತ್ತಿತು. ದೊಡ್ಡಮ್ಮ ಒಂದು ವರ್ಷ ಆ ಸಂತೋಷದಲ್ಲೇ ಇದ್ದರು.

ಈ ಉದ್ಯೋಗಕ್ಕೆ ಅವರ ಬಂಡವಾಳ ಒಂದು ಪೀಶಕತ್ತಿ. ಬೆರಳುದ್ದದ ಆ ಚೂರಿ ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಕದ ಪಕ್ಕ ಸದಾ ಇರುತ್ತದೆ. ಮದುವೆ, ಗೃಹಪ್ರವೇಶ, ಸತ್ತವರ ಬೊಜ್ಜದ ಊಟ, ಯಾವುದಕ್ಕೂ ಭೇದವಿಲ್ಲ. ಬೆಳ್ತಂಗಡಿಯಲ್ಲಿ ಒಬ್ಬರ ಹೆಂಡತಿ ತೀರಿಕೊಂಡಿದ್ದರು. ಬೊಜ್ಜದ ದಿನ ದೊಡ್ಡಮ್ಮ ಅವರಿಗೆ ಸಮಾಧಾನ ಹೇಳುತ್ತ ಹೇಳುತ್ತಲೇ ಬೆನ್ನ ಹಿಂದೆ ಕ್ರೋಟನ್ನಿನ ಗೆಲ್ಲು ಕತ್ತರಿಸುತ್ತಿದ್ದರು. ನಾನು ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದೆ. ಆ ಮನುಷ್ಯ ಕಣ್ಣೊರೆಸಿಕೊಂಡು ಹೇಳಿದರು: "ಎರಡು ಗೆಲ್ಲು ತೆಗೊಳ್ಳಿ ಅಕ್ಕ. ಅವಳೂ ಅದನ್ನು ನಿಮ್ಮಲ್ಲಿಂದಲೇ ಕದ್ದದ್ದು."

ಗಿಡಗಳಿಗೆ ಹೆಸರೂ ಕದ್ದ ಊರಿನದ್ದೇ. "ಧರ್ಮಸ್ಥಳಕ್ಕೆ ನೀರು ಹಾಕಿದ್ಯಾ? ಬೆಳ್ತಂಗಡಿಗೆ ಹುಳ ಬಿದ್ದಿದೆ ನೋಡು" ಎಂದು ಬೆಳಿಗ್ಗೆ ಅವರು ಕೂಗಿದರೆ ರಸ್ತೆಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. ಎಲ್ಲಕ್ಕಿಂತ ಮೇಲೆ ಪೊಳಲಿ. ಇಪ್ಪತ್ತು ವರ್ಷಗಳ ಹಿಂದೆ ಪೊಳಲಿ ದೇವಸ್ಥಾನಕ್ಕೆ ಹೋದವರು ಹತ್ತಿರದ ಮನೆಯೊಂದರಿಂದ ಎಗರಿಸಿದ ಪನ್ನೀರು ಗುಲಾಬಿ ಅದು. ದಿನದ ಮೊದಲ ಹೂವು ದೇವರಿಗೆಂದೇ ಕೊಯ್ಯುತ್ತಾರೆ. ಆದರೆ ದೇವರ ಕೋಣೆ ಮುಟ್ಟುವುದರೊಳಗೆ ನಾಲ್ಕು ಸಲ ಮೂಸಿರುತ್ತಾರೆ! ದೇವರು ಇಷ್ಟು ವರ್ಷ ಏನೂ ಹೇಳಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಈ ಪೊಳಲಿಯ ಬುಡದಲ್ಲಿ ಬಟಾಟೆಯಷ್ಟು ದೊಡ್ಡ ಗಂಟೊಂದು ಎದ್ದಿತು. ದೊಡ್ಡಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ನನ್ನ ಗಿಡ ಮೈ ತುಂಬಿಕೊಂಡಿದೆ" ಎಂದು ಬಂದವರಿಗೆಲ್ಲ ತೋರಿಸಿದರು. ನಾನೋ, ಮಿಜಾರಿನ ಕಡೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. ಹುಡುಗರಿಗೆ ಚಿತ್ರದಲ್ಲಿ ತೋರಿಸುವ ರೋಗ ನನ್ನ ಅಂಗಳದಲ್ಲೇ ತಿಂಗಳುಗಟ್ಟಲೆ ಕೂತಿದ್ದರೂ ಬಗ್ಗಿ ನೋಡಿರಲಿಲ್ಲ. ಕೊನೆಗೊಂದು ಭಾನುವಾರ ನೋಡಿದೆ.

"ಇದು ಆರೋಗ್ಯ ಅಲ್ಲ ದೊಡ್ಡಮ್ಮ, ಸೀಕು. ಒಂದು ಬ್ಯಾಕ್ಟೀರಿಯಾ ಗಾಯ ಆದಲ್ಲಿ ಬಂದು ಸೇರ್ತದೆ. ತನ್ನ ಜೀನಿನ ಒಂದು ತುಂಡನ್ನು ಗಿಡದ ಜೀವಕೋಶದ ಒಳಗೆ ಹೊಗಿಸಿಬಿಡ್ತದೆ. ಅಲ್ಲಿಂದ ಗಿಡ ತನ್ನ ಬೆಳವಣಿಗೆಯ ಹಾರ್ಮೋನುಗಳನ್ನು ಹದ ತಪ್ಪಿ ಮಾಡ್ತದೆ. ಸಾಕು ಅಂತ ಹೇಳುವವರಿಲ್ಲ, ಗಂಟು ದಪ್ಪ ಆಗ್ತಾ ಹೋಗ್ತದೆ. ಆ ಬ್ಯಾಕ್ಟೀರಿಯಾಕ್ಕೆ ಬೇಕಾದ ಊಟವನ್ನೂ ಗಿಡವೇ ಮಾಡಿ ಹಾಕ್ಬೇಕು."

"ಅಂದ್ರೆ ಮನೆ ಅಳಿಯ" ಎಂದರು ದೊಡ್ಡಮ್ಮ.

ನನ್ನ ಇಡೀ ಸೆಮಿಸ್ಟರಿನ ಪಾಠ ಎರಡು ಶಬ್ದಕ್ಕೆ ಮುಗಿಯಿತು.

"ಅದು ಸರಿ, ಅದನ್ನು ಒಳಗೆ ಬಿಟ್ಟದ್ದು ಯಾರು?"

ನಾನು ಅವರ ಕೈಯಲ್ಲಿದ್ದ ಕತ್ತಿ ನೋಡಿದೆ. ಗುಲಾಬಿಯ ಬುಡದ ಚಿಗುರು ಸವರುವುದೂ ಆ ಪೀಶಕತ್ತಿಯಲ್ಲೇ, ಹತ್ತು ಮನೆಯ ಗೆಲ್ಲು ಕಡಿಯುವುದೂ ಅದರಲ್ಲೇ. ನಡುವೆ ಒಮ್ಮೆ ಸೆರಗಿನಲ್ಲಿ ಒರೆಸಿದರೆ ಅವರ ಪ್ರಕಾರ ಶುದ್ಧ. ದೊಡ್ಡಮ್ಮ ಕತ್ತಿಯನ್ನು ಮೆಲ್ಲನೆ ಕಟ್ಟೆಯ ಮೇಲಿಟ್ಟರು. ಮದ್ದು ಉಂಟಾ ಎಂದು ಕೇಳಿದರು. ಇಲ್ಲ, ಬುಡಸಮೇತ ಕಿತ್ತು ಸುಡಬೇಕು ಎಂದೆ. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು ನಿಂತಿದ್ದಾರೆ. "ಕಾಲೇಜಿಗೆ ರಜೆ ಹಾಕು, ಬಂಟ್ವಾಳಕ್ಕೆ ಹೋಗುವ. ನಾದಿನಿಗೆ ಇದರದ್ದೇ ಗೆಲ್ಲು ಕೊಟ್ಟದ್ದು ನಾನು. ಹೇಳ್ಬೇಕಲ್ಲ."

"ನಿಮ್ಮಿಂದ ಬಂತು ಅಂತ ಯಾರಿಗೂ ಗೊತ್ತಾಗುದಿಲ್ಲ, ಸುಮ್ಮನಿರಿ. ಹೇಳಿದ್ರೆ ನಾಳೆಯಿಂದ ಯಾರೂ ನಿಮ್ಮನ್ನು ಅಂಗಳಕ್ಕೆ ಸೇರಿಸ್ಲಿಕ್ಕಿಲ್ಲ."

"ಸೇರಿಸದಿದ್ರೆ ಬೇಡ. ಕದಿಯುದು ಬೇರೆ, ಸೀಕು ಕೊಟ್ಟು ಸುಮ್ಮನೆ ಕೂತುಕೊಳ್ಳುದು ಬೇರೆ ಮಾರಾಯ."

ನಾದಿನಿಯ ಗುಲಾಬಿಗೂ ಗಂಟು ಬಂದಿತ್ತು. ನಾದಿನಿ ಕೊಟ್ಟ ನೀರನ್ನೂ ಮುಟ್ಟದೆ, ದೊಡ್ಡಮ್ಮ ಅಂಗಳದಲ್ಲಿ ನಿಂತೇ ಎಲ್ಲ ಹೇಳಿದರು. ಮುಖ ಸಣ್ಣದಾಗಿತ್ತು. ಅಷ್ಟು ಹೆದರಿದ ದೊಡ್ಡಮ್ಮನನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾದಿನಿ ಕೆನ್ನೆಗೆ ಕೈ ಇಟ್ಟುಕೊಂಡು ಕೂತುಬಿಟ್ಟರು.

"ನಾನು ಇದನ್ನು ಇನ್ನು ನಾಲ್ಕು ಮನೆಗೆ ಕೊಟ್ಟಾಯಿತಲ್ಲ ಅತ್ತಿಗೆ."

ಆಮೇಲೆ ಅಪರಾಧಿಗಳಿಬ್ಬರೂ ಒಂದೇ ರಿಕ್ಷಾ ಹತ್ತಿದರು, ನಾನು ಡ್ರೈವರನ ಪಕ್ಕ. ಬಾಗಿಲು ಹಾಕಿಕೊಂಡವರು ಯಾರೂ ಇಲ್ಲ. ನಾಲ್ಕೂ ಮನೆಯಲ್ಲಿ ಚಹಾ ಆಯಿತು, ಎರಡು ಕಡೆ ಬನ್ಸ್ ಕೂಡ!

ಊರಿಗೆ ಮರಳಿದ ಸಂಜೆ ಪೊಳಲಿಯನ್ನು ಅವರೇ ಅಗೆದು ತೆಗೆದರು. ನನಗೆ ಹಾರೆ ಮುಟ್ಟಲು ಬಿಡಲಿಲ್ಲ. ತೆಂಗಿನ ಒಣ ಮಡಲಿನ ಮೇಲೆ ಗಿಡವನ್ನು ಮಲಗಿಸಿ, ಗಂಟಿನ ಮೇಲೆ ಕೈಯಿಟ್ಟು ಕೇಳಿದರು: "ಇದು ತನ್ನದಲ್ಲ ಅಂತ ಗಿಡಕ್ಕೆ ಒಂದು ದಿನವೂ ಗೊತ್ತಾಗುದಿಲ್ವಾ ಮಗಾ?"

"ಇಲ್ಲ ದೊಡ್ಡಮ್ಮ. ಬೆಳೆಸು ಅಂತ ಹೇಳುದು ಅದರದ್ದೇ ಹಾರ್ಮೋನಲ್ವಾ. ಹಾಗೆ ಮೋಸ ಹೋಗ್ತದೆ."

ದೊಡ್ಡಮ್ಮ ಗಂಟಿನ ಮಣ್ಣು ಒರೆಸಿದರು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನಾನು ಹುಟ್ಟಿದ ಹತ್ತನೆಯ ದಿನ ಅಮ್ಮ ತೀರಿಕೊಂಡರು. ತಂಗಿಯ ಕೂಸನ್ನು ಎತ್ತಿಕೊಂಡು ಈ ಮನೆಗೆ ಬಂದದ್ದು ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ. ಬೆಳೆಸು ಎಂದು ಯಾವ ಹಾರ್ಮೋನೂ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ. ನಲುವತ್ತೆರಡು ವರ್ಷ ನನಗೆ ಬಡಿಸಿದ ಕೈ ಆ ಗಂಟಿನ ಮೇಲಿತ್ತು, ನನಗೆ ಅಳು ಬಂತು.

ಕಡ್ಡಿ ಗೀರಲು ಅವರಿಗೆ ಆಗಲಿಲ್ಲ. ನಾನೇ ಗೀರಿದೆ.

"ಮೋಸ ಹೋಯಿತು ಅಂತ ನಿನ್ನ ಹುಡುಗರಿಗೆ ಪಾಠ ಮಾಡ್ಬೇಡ ಮಗಾ" ಎಂದರು ದೊಡ್ಡಮ್ಮ, ಬೆಂಕಿ ಹತ್ತಿದ ಮೇಲೆ. "ಸಾಕಿತು ಅಂತ ಹೇಳು."

ಮರುದಿನ ತರಗತಿಯಲ್ಲಿ ನಾನು ಹಾಗೆಯೇ ಹೇಳಿದೆ.